ಜಾಲತಾಣಕ್ಕೂ ವಾರಸಾ ಬೇಕು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನನ್ನ ಜಾಲತಾಣದ ಬಗ್ಗೆ ನಾಲ್ಕು ಮಾತು ಹೇಳಲು ಕರೆದಿದ್ದೀರಿ. ಇಪ್ಪತ್ತು ವರ್ಷ ದಾಟಿದ ಆ ತಾಣದಲ್ಲಿ ಇರುವುದು ನಮ್ಮ ಸೀಮೆಯ ಮಾತು. ನಿಪ್ಪಾಣಿ ಕಡೆ ತಂಬಾಕು ಬೆಳೆಯುವವರು, ರಾಯಬಾಗ, ಕಾಗವಾಡ ಕಡೆ ಕಬ್ಬು ಕಡಿಯುವವರು, ಅಥಣಿಯಲ್ಲಿ ಚಪ್ಪಲಿ ಹೊಲಿಯುವವರು, ಚಿಕ್ಕೋಡಿ ಸಂತೆಯ ವ್ಯಾಪಾರಿಗಳು ದಿನಾ ಆಡುವ ಶಬ್ದಗಳನ್ನು ಕೇಳಿ, ಅರ್ಥ ಬರೆದು ಹಾಕಿದ್ದೇನೆ. ಕನ್ನಡವೋ ಮರಾಠಿಯೋ ಎಂದು ಹೇಳಲಾಗದ ಮಾತುಗಳನ್ನೂ ಬಿಟ್ಟಿಲ್ಲ.

ಪುಟಗಳನ್ನೆಲ್ಲ ಕೈಯಿಂದಲೇ ಎಚ್‌ಟಿಎಂಎಲ್‌ನಲ್ಲಿ ಬರೆದೆ. ಅದು ದೊಡ್ಡ ವಿದ್ಯೆಯೇನಲ್ಲ. ಸಾದಾ ಬರಹದ ನಡುವೆ ಇದು ತಲೆಬರಹ, ಇದು ಪ್ಯಾರಾ ಎಂದು ಗುರುತು ಹಾಕುವುದು, ಅಷ್ಟೇ. 1991ರಲ್ಲಿ ಟಿಮ್ ಬರ್ನರ್ಸ್-ಲೀ ತೆರೆದ ಮೊದಲ ಜಾಲತಾಣವೂ ಹೀಗೇ ಇತ್ತು. ಸರ್ನ್ ಸಂಸ್ಥೆ 2013ರಲ್ಲಿ ಅದನ್ನು ಹಳೆಯ ವಿಳಾಸಕ್ಕೇ ಮರಳಿ ತಂದಿತು. ಇಂದಿನ ಮೊಬೈಲಿನಲ್ಲೂ ಅದು ತೆರೆಯುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕಿತ್ತು. ಡಾ. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಆರಂಭಿಸಿದಾಗ ನಮ್ಮ ಕಂಪ್ಯೂಟರುಗಳಲ್ಲಿ ಕನ್ನಡ ಯುನಿಕೋಡ್ ಬಳಕೆಗೆ ಬಂದಿರಲಿಲ್ಲ. ಬರೆದವರ ಫಾಂಟ್ ಓದುವವರ ಬಳಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತಿದ್ದವು. ನನ್ನ ಹಳೆಯ ಪುಟಗಳೂ ಹಾಗೇ ಇದ್ದವು. ಮುಂದೆ ಒಂದು ಬೇಸಿಗೆ ಪೂರ್ತಿ ಕುಳಿತು ಎಲ್ಲವನ್ನೂ ಯುನಿಕೋಡಿಗೆ ತಂದೆ.

ಇನ್ನು ಉಳಿದದ್ದು ಒಂದೇ ಪ್ರಶ್ನೆ: ನನ್ನ ನಂತರ ಯಾರು? ಹೊಲವಾದರೆ ಹಿರಿಯರು ತೀರಿದ ಮೇಲೆ ವಾರಸಾ ಮಾಡಿಸಿ ಉತಾರದಲ್ಲಿ ಹೆಸರು ಏರಿಸುತ್ತೇವೆ. ಜಾಲತಾಣದ ಹೆಸರು ಹಾಗಲ್ಲ, ಅದು ಲಾವಣಿಗೆ ಹಿಡಿದ ಹೊಲ. ಹಣ ಕಟ್ಟುವುದು ನಿಂತಿತೋ, ಬೇರೆಯವರ ಪಾಲು. ಪುಕ್ಕಟೆ ಜಾಗವೂ ಭದ್ರವಲ್ಲ. 2009ರಲ್ಲಿ ಯಾಹೂ ಕಂಪನಿ ಜಿಯೋಸಿಟೀಸ್ ಮುಚ್ಚಿದಾಗ ಜನ ಕಟ್ಟಿದ ಲಕ್ಷಾಂತರ ಪುಟಗಳು ಅಲ್ಲಿಂದ ಹೋದವು. ಇಂಟರ್‌ನೆಟ್ ಆರ್ಕೈವ್‌ನಂಥವರು ನಕಲು ಇಟ್ಟಿದ್ದರಿಂದ ಒಂದಿಷ್ಟು ಉಳಿದವು.

ಇದು ನಮಗೆ ಹೊಸ ಪಾಠವಲ್ಲ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆ ಏರಿ ಬಂದಾಗ ಟ್ರಂಕಿನಲ್ಲಿದ್ದ ಕಾಗದಪತ್ರ ನೆನೆದು ಹೋದ ಮನೆಗಳನ್ನು ಕಂಡಿದ್ದೇವೆ. ಬೀಗರ ಮನೆಯಲ್ಲಿ ಇನ್ನೊಂದು ಪ್ರತಿ ಇಟ್ಟವರದು ಉಳಿಯಿತು.

ಅದಕ್ಕೇ ಮೂರು ಕೆಲಸ ಮಾಡಿದ್ದೇನೆ. ಪಾಸ್‌ವರ್ಡ್, ಹಣ ಕಟ್ಟುವ ತಾರೀಖು ಬರೆದ ಲಕೋಟೆಯನ್ನು ತಂಗಿಯ ಮಗಳ ಕೈಗೆ ಕೊಟ್ಟಿದ್ದೇನೆ. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದೆಂದು ಮೊದಲ ಪುಟದಲ್ಲೇ ಬರೆದಿದ್ದೇನೆ. ಇಡೀ ತಾಣವನ್ನು ಒಂದು ಪೆನ್‌ಡ್ರೈವಿಗೆ ತುಂಬಿ, ಕಾಗದದ ಮೇಲೂ ಮುದ್ರಿಸಿ, ಬೈಂಡ್ ಮಾಡಿಸಿ ಇಂದು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತಿದ್ದೇನೆ.

ಮಕ್ಕಳೇ, ಪೆನ್‌ಡ್ರೈವನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡಬೇಡಿ. ಪ್ರತಿ ವರ್ಷ ಒಂಬತ್ತನೇ ತರಗತಿಯವರು ಅದನ್ನು ತೆರೆದು, ಹೊಸ ಪ್ರತಿ ತೆಗೆದು, ಮನೆಯಲ್ಲಿ ಅಜ್ಜ-ಅಜ್ಜಿಯನ್ನು ಕೇಳಿ ಹತ್ತು ಶಬ್ದ ಸೇರಿಸಿರಿ. ಲಾವಣಿ ಎಂದರೆ ಹಾಡು ಎಂದಷ್ಟೇ ತಿಳಿದವರಿಗೆ ಹೊಲದ ಲಾವಣಿಯೂ ಅಲ್ಲಿ ಸಿಗಲಿ. ನನಗೆ ಶಬ್ದ ಹೇಳಿಕೊಟ್ಟ ಹಿರಿಯರಲ್ಲಿ ಬಹಳ ಮಂದಿ ಈಗಿಲ್ಲ. ಅವರ ಮಾತಿಗೆ ನೀವೇ ವಾರಸುದಾರರು.