ಹವಾಮಾನದ ಧೋರಣೆಯೂ ಹೈಸ್ಕೂಲಿನ ಮಕ್ಕಳೂ



ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಸಂಗತಿಯನ್ನು ಈ ಸಭೆಯಲ್ಲಿ ಅರಿಯದವರಿಲ್ಲ. ಕೆರೆಯೆಂಬುದು ಕಟ್ಟಿದವನಿಗಿಂತ ಅವನ ಮೊಮ್ಮಕ್ಕಳಿಗೆ ಹೆಚ್ಚು ಒದಗುವ ವಸ್ತು. ಈಗಿನ ಕಾಲದಲ್ಲಿ ಈ ಕ್ರಮವು ತಲೆಕೆಳಗಾಗಿರುವದು. ಕಲ್ಲಿದ್ದಲನ್ನೂ ಕಲ್ಲೆಣ್ಣೆಯನ್ನೂ ಉರಿಸಿ ಸುಖಪಟ್ಟವರು ಹಿರಿಯರು. ಆ ಹೊಗೆಯ ಸಾಲವನ್ನು ಹೊತ್ತುಕೊಳ್ಳತಕ್ಕವರು ಮಕ್ಕಳು. ಯಂತ್ರಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು ೨೮೦ ಪಾಲಿದ್ದ ಇಂಗಾಲಾಮ್ಲ ವಾಯುವು ಈಗ ೪೨೦ನ್ನು ದಾಟಿರುವದು.

೨೦೧೯ನೆಯ ಇಸವಿಯ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಊರೂರುಗಳನ್ನೇ ಮುಳುಗಿಸಿದವು. ನಾಲ್ಕೇ ವರುಷಗಳ ತರುವಾಯ, ೨೦೨೩ರಲ್ಲಿ, ಕರ್ನಾಟಕದ ೨೩೬ ತಾಲೂಕುಗಳ ಪೈಕಿ ೨೨೩ ತಾಲೂಕುಗಳು ಬರಪೀಡಿತವೆಂದು ಸರಕಾರದಿಂದ ಸಾರಲ್ಪಟ್ಟವು. ಒಂದು ನೆರೆಯನ್ನಾಗಲಿ ಒಂದು ಬರವನ್ನಾಗಲಿ ತೋರಿಸಿ, ಹವೆಯ ವಿಪರ್ಯಾಸವೊಂದೇ ಇದಕ್ಕೆ ಕಾರಣವೆಂದು ಹೇಳಿಬಿಡುವದು ಶಾಸ್ತ್ರಜ್ಞರ ರೀತಿಯಲ್ಲ. ಆದರೆ ಕಾದ ಗಾಳಿಯು ಹೆಚ್ಚು ನೀರಾವಿಯನ್ನು ಹಿಡಿದಿಡುವದರಿಂದ ಮಳೆ ಬಂದರೆ ಜಡಿದು ಬರುವದೆಂಬುದೂ, ಬಾರದಾಗ ಅದೇ ಗಾಳಿಯು ನೆಲದ ಹಸಿಯನ್ನು ಬೇಗನೆ ಹೀರುವದೆಂಬುದೂ ನಿರ್ವಿವಾದವಾದ ಮಾತು.

ಇದಕ್ಕೆ ಪರಿಹಾರವೇನೆಂಬುದನ್ನು ಗೊತ್ತುಮಾಡುವವರು ಯಾರು? ನಮ್ಮ ದೇಶದಲ್ಲಿ ಮತದ ಹಕ್ಕು ಬರುವದು ೧೮ ವರುಷ ತುಂಬಿದ ಮೇಲೆ. ಗಾಳಿಗೆ ಬೆರೆಯುವ ಇಂಗಾಲದ ನಿವ್ವಳ ಲೆಕ್ಕವನ್ನು ೨೦೭೦ರ ಹೊತ್ತಿಗೆ ಸೊನ್ನೆಗೆ ತರುವೆವೆಂದು ೨೦೨೧ರಲ್ಲಿ ಗ್ಲಾಸ್ಗೋ ನಗರದಲ್ಲಿ ಭಾರತವು ಮಾತು ಕೊಟ್ಟಿತು. ಇಂದು ಹದಿನಾಲ್ಕರ ಪ್ರಾಯದ ಹುಡುಗಿಯು ಆ ವರುಷ ಅರವತ್ತರ ಸಮೀಪದಲ್ಲಿರುವಳು. ಮಾತು ಕೊಟ್ಟವರಲ್ಲಿ ಬಹುಮಂದಿ ಲೆಕ್ಕ ಕೇಳಿಸಿಕೊಳ್ಳಲು ಇರಲಾರರು. ಲೆಕ್ಕ ಕೇಳಬೇಕಾದವಳಿಗೆ ಇಂದು ಸಭೆಯಲ್ಲಿ ಸ್ಥಾನವಿಲ್ಲ.

ಶಾಲೆಗಳಲ್ಲಿ ಪರಿಸರದ ಪಾಠವಿಲ್ಲವೆಂದಲ್ಲ. ೧೯೯೧ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಅದು ಕಡ್ಡಾಯವಾಗಿರಬೇಕೆಂದು ಅಪ್ಪಣೆ ಮಾಡಿತು. ಪಾಠವೂ ಇದೆ, ಪರೀಕ್ಷೆಯೂ ಇದೆ. ಜೂನ್ ೫ರಂದು ಸಸಿ ನೆಡುವ ಉತ್ಸವವೂ ನಡೆಯುತ್ತದೆ, ಛಾಯಾಚಿತ್ರವೂ ಆಗುತ್ತದೆ. ಆ ಸಸಿಯು ಮಳೆಗಾಲವನ್ನು ಹೇಗೋ ಕಳೆದು, ಏಪ್ರಿಲಿನಲ್ಲಿ ಶಾಲೆಗೆ ರಜೆಯಾದೊಡನೆ ನೀರು ಹಾಕುವವರಿಲ್ಲದೆ ಒಣಗುತ್ತದೆ. ಮರುವರುಷ ಅದೇ ಗುಣಿಯಲ್ಲಿ ಇನ್ನೊಂದು ಸಸಿ! ಬೇಸಗೆಯ ನೀರಿಗೆ ಹಣವೆಲ್ಲಿ, ಹೊಣೆ ಯಾರದು ಎಂಬ ಪ್ರಶ್ನೆಯನ್ನು ಮಕ್ಕಳ ಬಾಯಲ್ಲಿ ಯಾರೂ ಆಡಿಸುವದಿಲ್ಲ. ಧೋರಣೆಯೆಂಬುದು ಹುಟ್ಟುವದೇ ಆ ಪ್ರಶ್ನೆಯಿಂದ.

ಮಕ್ಕಳು ತಾವಾಗಿಯೇ ಕೇಳಿದ ಉದಾಹರಣೆಗಳು ಉಂಟು. ೨೦೧೩ರ ಜೂನಿನಲ್ಲಿ ಕೇದಾರಕ್ಷೇತ್ರದಲ್ಲಿ ಜಲಪ್ರಳಯವಾದುದನ್ನು ಭಕ್ತರು ಮರೆತಿಲ್ಲ. ಅಲ್ಲಿಯ ರಾವಲರು ಕರ್ನಾಟಕದ ವೀರಶೈವ ಪರಂಪರೆಯವರಾದುದರಿಂದ ಆ ಸುದ್ದಿಯು ಇಲ್ಲಿಯ ಮನೆಗಳನ್ನೂ ಮುಟ್ಟಿತ್ತು. ಅದೇ ಉತ್ತರಾಖಂಡದ ರಿಧಿಮಾ ಪಾಂಡೆ ಎಂಬ ಒಂಬತ್ತು ವರುಷದ ಬಾಲಿಕೆಯು ೨೦೧೭ರಲ್ಲಿ, ಹವೆಯ ವಿಪರ್ಯಾಸವನ್ನು ತಡೆಯಲು ಸರಕಾರವು ತಕ್ಕಷ್ಟು ಮಾಡುತ್ತಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಪೀಠಕ್ಕೆ ಅರ್ಜಿಯನ್ನು ಸಲ್ಲಿಸಿದಳು. ೨೦೧೯ರ ಜನವರಿಯಲ್ಲಿ ಅದು ತಳ್ಳಿಹಾಕಲ್ಪಟ್ಟಿತು. ಅಮೇರಿಕೆಯ ಮೊಂಟಾನಾ ಸಂಸ್ಥಾನದಲ್ಲಿ ಹದಿನಾರು ಜನ ಎಳೆಯರು ಹೂಡಿದ ದಾವೆಯು ೨೦೨೩ರಲ್ಲಿ ಅವರಂತೆಯೇ ಆಯಿತು. ೨೦೨೪ರಲ್ಲಿ ಅಲ್ಲಿಯ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅವರ ಸಂಸ್ಥಾನದ ಘಟನೆಯಲ್ಲಿ ನಿರ್ಮಲವಾದ ಪರಿಸರದ ಹಕ್ಕು ಸ್ಪಷ್ಟವಾಗಿ ಬರೆಯಲ್ಪಟ್ಟಿದ್ದುದು ಅವರಿಗೆ ಆಧಾರವಾಯಿತು. ನಮ್ಮ ಸರ್ವೋಚ್ಚ ನ್ಯಾಯಾಲಯವೂ ೨೦೨೪ರಲ್ಲಿ, ಹವೆಯ ವಿಪರ್ಯಾಸದ ಕೇಡಿನಿಂದ ರಕ್ಷಣೆ ಪಡೆಯುವ ಹಕ್ಕು ಪ್ರಜೆಗಳಿಗುಂಟೆಂದು ಹೇಳಿರುವದು.

ಮಕ್ಕಳಿಗೇಕೆ ರಾಜಕಾರಣ, ಓದು ಕೆಡುವದು, ಯಾರೋ ಕಲಿಸಿದ ಘೋಷಣೆಯನ್ನು ಗಿಳಿಯಂತೆ ಒದರುವರು ಎಂದು ಆಕ್ಷೇಪಿಸುವ ಹಿರಿಯರಿದ್ದಾರೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಸ್ವೀಡನ್ ದೇಶದ ಹುಡುಗಿ ಗ್ರೇಟಾ ಥುನ್‌ಬರ್ಗ್ ೨೦೧೮ರಲ್ಲಿ ಶಾಲೆಯನ್ನು ಬಿಟ್ಟು ಪಾರ್ಲಿಮೆಂಟಿನ ಮುಂದೆ ಕುಳಿತಳು. ಜಗತ್ತು ತಿರುಗಿ ನೋಡಿತು. ಆದರೆ ತಂದೆತಾಯಿಗಳು ಕೂಲಿ ಮಾಡಿ ಹೈಸ್ಕೂಲಿಗೆ ಕಳಿಸಿದ ಹುಡುಗನಿಗೆ ಒಂದು ದಿನದ ಪಾಠವೂ ಬೆಲೆಯುಳ್ಳದ್ದು. ಅವನಿಗೆ ಬೇರೆ ದಾರಿ ಬೇಕು. ಅನುಭವ ಮಂಟಪದಲ್ಲಿ ಪ್ರಾಯವನ್ನು ನೋಡಿ ಪೀಠ ಕೊಡುವ ಪದ್ಧತಿಯಿರಲಿಲ್ಲವಷ್ಟೆ. ಕಿರಿಯ ವಯಸ್ಸಿನ ಚೆನ್ನಬಸವಣ್ಣನವರು ಅಲ್ಲಮಪ್ರಭುಗಳ ತರುವಾಯ ಶೂನ್ಯಸಿಂಹಾಸನವನ್ನೇರಿದರೆಂದು ಪರಂಪರೆಯು ಹೇಳುವದು. ಅವರಿಗೆ ಆ ಸ್ಥಾನವನ್ನು ತಂದುದು ಷಟ್‌ಸ್ಥಲದ ಜ್ಞಾನವು, ಗಟ್ಟಿಯಾದ ಕಂಠವಲ್ಲ. ಘೋಷಣೆಯ ಬದಲು ಲೆಕ್ಕವನ್ನು ಕೈಯಲ್ಲಿ ಹಿಡಿದುಬಂದ ಮಗುವನ್ನು ಯಾವ ಅಧಿಕಾರಿಯೂ ಗದರಿಸಿ ಕೂಡ್ರಿಸಲಾರನು.

ಆ ಲೆಕ್ಕವಾದರೂ ಕಠಿಣವಲ್ಲ. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಶಾಲೆಯ ಮಾಳಿಗೆಯು ೨೦೦ ಚದರ ಮೀಟರು, ವರುಷದ ಮಳೆ ೬೦೦ ಮಿಲಿಮೀಟರು ಎಂದಿಟ್ಟುಕೊಂಡರೆ ಒಂದು ಲಕ್ಷ ಇಪ್ಪತ್ತು ಸಾವಿರ ಲೀಟರು! ಸೋರಿ ಆರಿ ಹೋಗುವದನ್ನು ಕಳೆದರೂ ಒಣಗುವ ಸಸಿಗಳಿಗೆ ಅದು ಸಾಲದೆ? ಏಳನೆಯ ಇಯತ್ತೆಯ ಗುಣಾಕಾರ ಬಲ್ಲವನು ಇದನ್ನು ಮಾಡಬಲ್ಲನು. ಗ್ರಾಮಪಂಚಾಯತಿಗಳಲ್ಲಿ ಸರಕಾರದ ಮಳೆಮಾಪಕಗಳಿರುವವು. ಅವುಗಳ ಅಂಕೆಯನ್ನು ಕೇಳಿ ತಂದು, ಶಾಲೆಯಲ್ಲಿಯೇ ಇಟ್ಟ ಪಾತ್ರೆಯ ಅಳತೆಯೊಡನೆ ತಾಳೆನೋಡಬಹುದು. ಊರ ಬಾವಿಗಳ ನೀರಿನ ಆಳವನ್ನು ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಅಳೆದು ವಹಿಯಲ್ಲಿ ಬರೆಯಬಹುದು. ಯಾವ ಹಳ್ಳದ ಮರಳು ಹೋಯಿತು, ಯಾವ ಗೋಮಾಳ ಹೋಯಿತು ಎಂಬುದನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಅದೇ ವಹಿಯಲ್ಲಿ ಸೇರಿಸಬಹುದು. ಮೂರು ವರುಷ ಹೀಗೆ ನಡೆದರೆ ತಾಲೂಕಿನ ಕಚೇರಿಯಲ್ಲಿಯೂ ಸಿಕ್ಕದ ದಾಖಲೆಯೊಂದು ಆ ಶಾಲೆಯಲ್ಲಿ ಸಿದ್ಧವಾಗುವದು.

ಅದನ್ನು ಒಯ್ಯುವ ಸ್ಥಳವೂ ಇರುವದು. ಕರ್ನಾಟಕದ ಗ್ರಾಮಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ಎಂಬುದೊಂದನ್ನು ನಡೆಸುವ ಏರ್ಪಾಡು ಉಂಟು. ಎಷ್ಟೋ ಕಡೆ ಅದು ಹಾಡು, ಭಾಷಣ, ಮಿಠಾಯಿಗಳಲ್ಲಿ ಮುಗಿದುಹೋಗುವದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಾಗೆ ಮುಗಿಯಬಾರದೆಂದಿದ್ದರೆ ಮಕ್ಕಳ ಪ್ರಶ್ನೆಯು ನಡವಳಿಯ ಪುಸ್ತಕದಲ್ಲಿ ಬರೆಯಲ್ಪಡಬೇಕು. ಪಂಚಾಯತಿಯ ಮುಂದಿನ ವರುಷದ ಯೋಜನೆಯಲ್ಲಿ ಅದಕ್ಕೆ ಹಣವಿಟ್ಟರೋ ಇಲ್ಲವೋ, ಇಡದಿದ್ದರೆ ಕಾರಣವೇನು ಎಂಬುದು ಮಕ್ಕಳಿಗೆ ಬರವಣಿಗೆಯಲ್ಲಿ ತಿಳಿಸಲ್ಪಡಬೇಕು. ಇಲ್ಲವೆಂಬ ಉತ್ತರವೂ ಒಂದು ಶಿಕ್ಷಣವೇ. ಉತ್ತರವೇ ಬಾರದಿದ್ದರೆ ಮಾತ್ರ ಹುಡುಗನು ಸಭೆಗಳೆಲ್ಲ ಬರಿಯ ಆಟವೆಂದು ಕಲಿತುಬಿಡುವನು, ಮುಂದೆ ಮತದ ಹಕ್ಕು ಬಂದಾಗಲೂ ಹಾಗೆಯೇ ತಿಳಿಯುವನು.

ಇಲ್ಲಿ ನೆರೆದ ಭಕ್ತರಲ್ಲಿ ಪಂಚಾಯತಿಯ ಸದಸ್ಯರಿದ್ದಾರೆ, ಶಾಲೆಗಳ ಮುಖ್ಯೋಪಾಧ್ಯಾಯರಿದ್ದಾರೆ, ಪ್ರಸಾದನಿಲಯದಲ್ಲಿ ಉಂಡು ಓದಿ ಅಧಿಕಾರಸ್ಥಾನಕ್ಕೆ ಬಂದವರೂ ಇದ್ದಾರೆ. ದಾಸೋಹವೆಂದರೆ ಅನ್ನವನ್ನಿಕ್ಕುವದಷ್ಟೇ ಎಂದು ಶ್ರೀಮಠವು ಎಂದೂ ಬಗೆದಿಲ್ಲ. ಮಕ್ಕಳ ಮಾತಿಗೆ ಕಿವಿಗೊಡುವದೂ ಅದರಲ್ಲಿ ಸೇರಬಾರದೇಕೆ? ಮಹೋತ್ಸವದ ಗದ್ದಲ ತೀರಿದ ಬಳಿಕ ಪ್ರಸಾದನಿಲಯದ ಮಾಳಿಗೆಯ ಉದ್ದಗಲಗಳನ್ನು ವಿದ್ಯಾರ್ಥಿಗಳಿಂದಲೇ ಅಳೆಯಿಸಿ, ಮಠದ ಬಾವಿಯ ಆಳವನ್ನು ವಹಿಯ ಮೊದಲ ಪುಟದಲ್ಲಿ ಬರೆಯಿಸಲಿ. ಮುಂದಿನ ಮಕ್ಕಳ ಗ್ರಾಮಸಭೆಗೆ ಆ ವಹಿಯು ಹೋಗಲಿ. ಆ ದಿನ ಹಿರಿಯರು ಹಿಂದಿನ ಸಾಲಿನಲ್ಲಿ ಕುಳಿತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಲಿ.