ಗಡ್ಡೆಯ ನೆರೆಹೊರೆ: ಸ್ತನ ಕ್ಯಾನ್ಸರ್ ಮತ್ತು ಕೀಮೊಕೈನ್‌ಗಳು



ಎದೆಯಲ್ಲಿ ಗಂಟು ಕಂಡಾಗ ವೈದ್ಯರು ಬಯಾಪ್ಸಿ ಎನ್ನುತ್ತಾರೆ. ಮನೆಯಲ್ಲಿ ಹಿರಿಯರೊಬ್ಬರು, "ಸೂಜಿ ಹಾಕಿಸಬೇಡ ಕಣವ್ವ, ಕೆಣಕಿದ್ರೆ ಮೈಯೆಲ್ಲ ಹಬ್ತದೆ" ಎನ್ನುತ್ತಾರೆ. ಎಷ್ಟೋ ಹೆಣ್ಣುಮಕ್ಕಳು ಎರಡನೆಯ ಮಾತನ್ನೇ ಕೇಳುತ್ತಾರೆ. ಬಿ.ದುರ್ಗ ಹೋಬಳಿಯ ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಕುಟುಂಬದವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರಿಂದ, ಕ್ಯಾನ್ಸರ್ ನಿಜಕ್ಕೂ ಹಬ್ಬುವುದು ಹೇಗೆ ಎಂಬುದನ್ನೇ ಹೇಳೋಣವೆಂದು ಬಂದಿದ್ದೇನೆ.

ಹೊಲದಲ್ಲಿ ಕಾಲಿಗೆ ಜಾಲಿಮುಳ್ಳು ಮುರಿದರೆ ಒಂದೆರಡು ದಿನದಲ್ಲಿ ಆ ಜಾಗ ಕೆಂಪೇರಿ, ಊದಿ, ಕೀವು ಕಟ್ಟುತ್ತದೆ. ಕೀವೆಂದರೆ ಬಹುಪಾಲು ಸತ್ತ ಬಿಳಿ ರಕ್ತಕಣಗಳು. ಮೈಯೆಲ್ಲ ಸುತ್ತುತ್ತಿದ್ದ ಕಣಗಳಿಗೆ ಅಂಗಾಲಿನ ಸುದ್ದಿ ಮುಟ್ಟಿದ್ದು ಹೇಗೆ? ನೊಂದ ಜೀವಕೋಶಗಳು ಸಣ್ಣ ಸಣ್ಣ ಪ್ರೋಟೀನುಗಳನ್ನು ಸ್ರವಿಸುತ್ತವೆ. ಗಾಯದ ಹತ್ತಿರ ಅವು ದಟ್ಟ, ದೂರ ಸರಿದಂತೆ ವಿರಳ. ಬಿಳಿ ರಕ್ತಕಣದ ಮೇಲ್ಮೈಯಲ್ಲಿರುವ ಗ್ರಾಹಕಗಳು ಈ ವ್ಯತ್ಯಾಸ ಹಿಡಿದು, ದಟ್ಟವಾದ ಕಡೆಗೇ ಕಣ ತೆವಳುವಂತೆ ಮಾಡುತ್ತವೆ. ಆ ಪ್ರೋಟೀನುಗಳೇ ಕೀಮೊಕೈನ್‌ಗಳು. ಮನುಷ್ಯನಲ್ಲಿ ಇವು ಸುಮಾರು 50 ಬಗೆ. ಗ್ರಾಹಕಗಳು ಸುಮಾರು 20. ಕೂದಲು ಉದುರಿಸುವ ಕೀಮೋ ಚಿಕಿತ್ಸೆಗೂ ಇವಕ್ಕೂ ನಂಟಿಲ್ಲ.

ಈಗ ಕ್ಯಾನ್ಸರಿಗೆ ಬರೋಣ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ನೋಡಿದರು. ಯಕೃತ್ತಿನಲ್ಲಿ ಗಡ್ಡೆಗಳು ಹೇರಳ, ಗುಲ್ಮದಲ್ಲಿ ಅಪರೂಪ. ರಕ್ತವೇನೋ ಎರಡಕ್ಕೂ ಹರಿಯುತ್ತದೆ. ಬೀಜ ಎಲ್ಲ ಕಡೆ ಬಿದ್ದರೂ ಒಗ್ಗುವ ನೆಲದಲ್ಲಷ್ಟೇ ಮೊಳೆಯುತ್ತದೆ ಎಂಬುದು ಅವರ ತೀರ್ಮಾನ. ರಾಗಿ, ಮೆಕ್ಕೆಜೋಳ ಬಿತ್ತುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ನೆಲದಲ್ಲಿ ಇರುವುದೇನು ಎಂದು ತೋರಿಸಲು ಪ್ಯಾಜೆಟ್ಟರಿಗೆ ಸಾಧನವಿರಲಿಲ್ಲ.

ಉತ್ತರದ ಒಂದು ದೊಡ್ಡ ತುಂಡು ಸಿಕ್ಕಿದ್ದು 2001ರಲ್ಲಿ. ಸಂಶೋಧಕರಾದ ಅನ್ಯಾ ಮ್ಯುಲರ್, ಆಲ್ಬರ್ಟ್ ಜ್ಲಾಟ್ನಿಕ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಸಿಎಕ್ಸ್‌ಸಿಆರ್4, ಸಿಸಿಆರ್7 ಎಂಬ ಎರಡು ಗ್ರಾಹಕಗಳು ಹೆಚ್ಚಾಗಿರುವುದನ್ನು ಕಂಡರು. ಮೊದಲನೆಯದನ್ನು ಸೆಳೆಯುವ ಸಿಎಕ್ಸ್‌ಸಿಎಲ್12 ಎಂಬ ಕೀಮೊಕೈನ್ ಎಲ್ಲೆಲ್ಲಿ ಸಮೃದ್ಧ? ಮೂಳೆಮಜ್ಜೆ, ಶ್ವಾಸಕೋಶ, ಯಕೃತ್ತು, ದುಗ್ಧಗ್ರಂಥಿ. ಎರಡನೆಯದನ್ನು ಸೆಳೆಯುವ ಸಿಸಿಎಲ್21 ಇರುವುದೂ ದುಗ್ಧಗ್ರಂಥಿಗಳಲ್ಲಿ. ಈ ರೋಗ ಹೋಗಿ ಕೂರುವ ಜಾಗಗಳೂ ಇವೇ! ಇಲಿಗಳಲ್ಲಿ ಸಿಎಕ್ಸ್‌ಸಿಆರ್4 ಅನ್ನು ತಡೆದಾಗ ಹರಡುವಿಕೆ ಗಣನೀಯವಾಗಿ ತಗ್ಗಿತು. ಹಬ್ಬುವುದಕ್ಕೆ ಬೇರೆ ಕಾರಣಗಳೂ ಇವೆ. ಇದು ಅವುಗಳಲ್ಲಿ ಪ್ರಮುಖವಾದದ್ದು.

ಅಂದರೆ ಕೋಶ ಕಳಚಿ ಹೊರಡುವುದು ಅದರದೇ ಗುಣದಿಂದ, ದೂರದ ಅಂಗದ ಸೆಳೆತದಿಂದ. ಸೂಜಿ ಕಾಣದ ಗಡ್ಡೆಯೂ ಹಬ್ಬುತ್ತದೆ. ಬಯಾಪ್ಸಿ ಮಾಡಿಸಿದ್ದರಿಂದ ಆಯುಸ್ಸು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹೆದರಿ ಕಳೆದ ತಿಂಗಳುಗಳು ಆಯುಸ್ಸು ಕಳೆಯುತ್ತವೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳು, 98 ಸಾವಿರ ಸಾವುಗಳು.

ಇನ್ನು ಗಡ್ಡೆಯ ಆಸುಪಾಸು. ಗಡ್ಡೆಯೆಂದರೆ ಬರೀ ಕೆಟ್ಟ ಕೋಶಗಳ ಮುದ್ದೆಯಲ್ಲ. ಅದರೊಳಗೆ ನಾರುಕೋಶಗಳು, ರಕ್ತನಾಳಗಳು, ಬಿಳಿ ರಕ್ತಕಣಗಳು ಬೆರೆತಿರುತ್ತವೆ. 2005ರಲ್ಲಿ ಅಮೆರಿಕದ ರಾಬರ್ಟ್ ವೈನ್‌ಬರ್ಗ್ ಪ್ರಯೋಗಾಲಯ ತೋರಿಸಿದ್ದು ಇದು: ಗಡ್ಡೆಯೊಳಗಿನ ನಾರುಕೋಶಗಳೇ ಸಿಎಕ್ಸ್‌ಸಿಎಲ್12 ಸುರಿಸಿ ಕ್ಯಾನ್ಸರ್ ಕೋಶಗಳನ್ನು ಬೆಳೆಸುತ್ತವೆ, ಹೊಸ ರಕ್ತನಾಳ ಕಟ್ಟುವ ಕೋಶಗಳನ್ನೂ ಕರೆಸಿಕೊಳ್ಳುತ್ತವೆ. ಅದೇ ಪ್ರಯೋಗಾಲಯದಲ್ಲಿ ದುಡಿದು ಬಂದ ಅನ್ನಪೂರ್ಣಿ ರಂಗರಾಜನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಗಡ್ಡೆಯಿಂದ ಕಳಚಿಕೊಂಡ ಕೋಶ ಆಸರೆಯಿಲ್ಲದೆಯೂ ಸಾಯದೆ ಉಳಿಯುವುದು ಹೇಗೆಂದು ಅಧ್ಯಯನ ಮಾಡಿದ್ದಾರೆ.

ಸಿಸಿಎಲ್2 ಎಂಬ ಇನ್ನೊಂದು ಕೀಮೊಕೈನ್ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಕಾಯಲು ಬಂದವು ಶ್ವಾಸಕೋಶದ ರಕ್ತನಾಳದ ಗೋಡೆ ಸಡಿಲಿಸಿ ಕ್ಯಾನ್ಸರ್ ಕೋಶವನ್ನು ಒಳಗೆ ಬಿಟ್ಟುಕೊಳ್ಳುತ್ತವೆಂದು ಸಂಶೋಧಕ ಜೆಫ್ರಿ ಪೊಲಾರ್ಡ್ ಅವರ ತಂಡ 2011ರಲ್ಲಿ ಇಲಿಗಳಲ್ಲಿ ಕಂಡಿತು. ಹಾಗಾದರೆ ಸಿಸಿಎಲ್2 ಅನ್ನೇ ತಡೆದರಾಯಿತಲ್ಲ? 2014ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ತಂಡ ಇಲಿಗಳಲ್ಲಿ ಅದನ್ನು ತಡೆಯಿತು, ಹಬ್ಬುವುದು ಕಡಿಮೆಯಾಯಿತು. ಮದ್ದು ನಿಲ್ಲಿಸಿದ್ದೇ ತಡ, ಮಜ್ಜೆಯಲ್ಲಿ ತಡೆಹಿಡಿದಿದ್ದ ಮಾನೋಸೈಟುಗಳು ನುಗ್ಗಿ ಬಂದವು, ರೋಗ ಮೊದಲಿಗಿಂತ ಜೋರಾಗಿ ಹರಡಿ ಇಲಿಗಳು ಬೇಗ ಸತ್ತವು. ಈ ಕ್ಷೇತ್ರದಲ್ಲಿ ನಾನು ಓದಿದ್ದರಲ್ಲಿ ಇದೇ ಅತ್ಯಂತ ಬೆಲೆಯುಳ್ಳ ಪಾಠ. ಪತ್ರಿಕೆಯಲ್ಲಿ "ಕ್ಯಾನ್ಸರಿಗೆ ಮದ್ದು ಸಿಕ್ಕಿತು" ಎಂದು ಓದಿದಾಗ ಈ ಇಲಿಗಳು ನೆನಪಾಗಲಿ.

ಎಲ್ಲ ಕೀಮೊಕೈನ್‌ಗಳೂ ಶತ್ರುಗಳಲ್ಲ. ಸಿಎಕ್ಸ್‌ಸಿಎಲ್9, ಸಿಎಕ್ಸ್‌ಸಿಎಲ್10 ಎಂಬಿವು ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ-ಕಣಗಳೆಂಬ ಬಿಳಿ ರಕ್ತಕಣಗಳನ್ನು ಗಡ್ಡೆಯೊಳಕ್ಕೆ ಕರೆತರುತ್ತವೆ. ಸಿಎಕ್ಸ್‌ಸಿಆರ್4 ತಡೆಯುವ ಪ್ಲೆರಿಕ್ಸಾಫೋರ್ ಎಂಬ ಔಷಧಿಗೆ ಅಮೆರಿಕದಲ್ಲಿ 2008ರಲ್ಲೇ ಅನುಮತಿ ಸಿಕ್ಕಿದೆ. ಆದರೆ ಅದು ಲಿಂಫೋಮಾ, ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ರೋಗಿಗಳ ಮಜ್ಜೆಯಿಂದ ಕಾಂಡಕೋಶಗಳನ್ನು ರಕ್ತಕ್ಕೆ ಇಳಿಸಿ ಸಂಗ್ರಹಿಸಲು, ಸ್ತನ ಕ್ಯಾನ್ಸರಿಗಲ್ಲ.

ಹಾಗಾಗಿ ಚಿತ್ರದುರ್ಗದಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದವರ ವರದಿಯಲ್ಲಿ ನೀವು ಹುಡುಕಬೇಕಾದದ್ದು ಇಆರ್, ಪಿಆರ್, ಹರ್-2 ಎಂಬ ಮೂರು ಗ್ರಾಹಕ ಪರೀಕ್ಷೆಗಳ ಫಲಿತಾಂಶ. ಚಿಕಿತ್ಸೆ ನಿರ್ಧಾರವಾಗುವುದು ಬಹುಮಟ್ಟಿಗೆ ಅವುಗಳ ಮೇಲೆ. ಕೀಮೊಕೈನ್ ಪರೀಕ್ಷೆ ಮಾಡಿಸಿ ಎಂದು ಯಾರಾದರೂ ಹೇಳಿದರೆ ದುಡ್ಡು ಉಳಿಸಿಕೊಳ್ಳಿ. 30 ದಾಟಿದ ಹೆಣ್ಣುಮಕ್ಕಳಿಗೆ ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಸ್ತನ ತಪಾಸಣೆಯಿದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ತಪಾಸಣೆಯ ದಿನ ಕಂಕುಳನ್ನೂ ಮುಟ್ಟಿ ನೋಡಿ ಎನ್ನಿ. ಹೊರಟ ಕೋಶ ಸಾಮಾನ್ಯವಾಗಿ ಮೊದಲು ತಲುಪುವುದು ಅಲ್ಲಿಯ ದುಗ್ಧಗ್ರಂಥಿಗೆ.