ಚಂದ್ರಗುತ್ತಿ: ಕಲ್ಲಿನ ಕೋಟೆ, ಕಾನಿನ ಕೋಟೆ



ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ಬರುವ ಬಹುಪಾಲು ಭಕ್ತರ ಯಾತ್ರೆ ರೇಣುಕಾಂಬೆಯ ಗುಹಾಲಯದಲ್ಲಿ ಮುಗಿಯುತ್ತದೆ. ಅಲ್ಲಿಂದ ಮೇಲೆ ಹತ್ತುವವರು ವಿರಳ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರವಿರುವ ಈ ಗಿರಿಯ ಮೇಲೆ ಕುಸಿದ ಕೋಟೆಗೋಡೆಗಳೂ ಬಾಗಿಲುಗಳ ಅವಶೇಷಗಳೂ ನೀರಿನ ಕೊಳಗಳೂ ಇವೆ. ಚಂದ್ರನನ್ನೇ ಮರೆಮಾಡುವ ಎತ್ತರದಿಂದಾಗಿ ಈ ಹೆಸರು ಬಂದಿತೆಂದು ಜನರು ಹೇಳುತ್ತಾರೆ.

ಕದಂಬರ ಕಾಲದ ನೆನಪುಗಳಿರುವ ಈ ದುರ್ಗವು 1347ರ ಹೊತ್ತಿಗೆ ವಿಜಯನಗರದ ಒಂದನೆಯ ಹರಿಹರನ ತಮ್ಮ ಮಾರಪ್ಪನ ಆಡಳಿತ ಕೇಂದ್ರವಾಗಿತ್ತು. ಅನಂತರ ಕೆಳದಿ ನಾಯಕರಿಗೆ ಸೇರಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಆ ಅರಸೊತ್ತಿಗೆಯೂ ಅಳಿಯಿತು. ಅರಸರು ಹೋದರು, ಗುಡ್ಡ ಉಳಿಯಿತು.

ಆದರೆ ಈ ಕೋಟೆಯನ್ನು ಕಾಯುತ್ತಿದ್ದುದು ಕಲ್ಲು ಮಾತ್ರವೇ? ಕೌಟಿಲ್ಯನು ಜಲದುರ್ಗ, ಗಿರಿದುರ್ಗ, ಮರುದುರ್ಗಗಳೊಡನೆ ವನದುರ್ಗವನ್ನೂ ಎಣಿಸಿದ್ದಾನೆ. ಇದರ ಅರ್ಥ ತಿಳಿಯಲು ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಬೇಕು. ಪ್ರಣವೇಶ್ವರ ದೇಗುಲದ ಎದುರಿನ ಸ್ತಂಭದಲ್ಲಿ ಕವಿ ಕುಬ್ಜನು ಬರೆದ ಶಾಸನವಿದೆ. ಪಲ್ಲವರ ಗಡಿಕಾವಲುಗಾರರನ್ನು ಸೋಲಿಸಿದ ಮಯೂರಶರ್ಮನು ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ್ದ ದುರ್ಗಮ ಅರಣ್ಯವನ್ನು ಆಶ್ರಯಿಸಿದನೆಂದು ಅದು ತಿಳಿಸುತ್ತದೆ. ಆ ಶಾಸನ ಹುಟ್ಟಿದ ಸಂದರ್ಭವಾದರೂ ಯುದ್ಧವಲ್ಲ. ಕಾಕುತ್ಸ್ಥವರ್ಮನು ಕಟ್ಟಿಸಿದ ಕೆರೆ. ಕಾಡಿನಲ್ಲಿ ಹುಟ್ಟಿದ ರಾಜ್ಯವು ತನ್ನ ಕಥೆಯನ್ನು ಕೆರೆಯ ನೆಪದಲ್ಲಿ ಬರೆಸಿಕೊಂಡಿತು.

ಸೊರಬದಲ್ಲಿ ಆ ಕಾಡಿಗೂ ಕೆರೆಗೂ ಇರುವ ನಂಟಿನ ಹೆಸರೇ ಕಾನು. ವರ್ಷವಿಡೀ ಹಸಿರಾಗಿರುವ, ಕಾಳುಮೆಣಸಿನ ಬಳ್ಳಿಗಳನ್ನೂ ಬೈನೆ ಮರಗಳನ್ನೂ ಪೊರೆಯುವ, ಬೇಸಿಗೆಯಲ್ಲೂ ನೀರನ್ನು ಒಸರಿಸುವ ಈ ದೇವರಕಾಡುಗಳನ್ನು 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಪರಿಶೀಲಿಸಿದರು. ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳು, ಸುಮಾರು 13,000 ಹೆಕ್ಟೇರ್ ವಿಸ್ತಾರ ಎಂಬುದು ಅವರ ವರದಿಯ ಲೆಕ್ಕ. ಅವುಗಳಲ್ಲಿ ಎಷ್ಟೋ ಭಾಗ ಮುಂದೆ ಹೊಲವಾಯಿತು, ತೋಟವಾಯಿತು, ನೆಡುತೋಪಾಯಿತು. ಕೋಟೆಯ ಕಲ್ಲು ಬಿದ್ದರೆ ಕಣ್ಣಿಗೆ ಕಾಣುತ್ತದೆ. ಕಾನು ಕರಗಿದ್ದು ಬಾವಿ ಬತ್ತಿದಾಗ ಮಾತ್ರ ತಿಳಿಯುತ್ತದೆ.

ಪಾಳುಕೋಟೆಗೆ ಜನಪ್ರಿಯತೆಯೂ ಅಪಾಯವೇ. ಜಪಾನಿನ ಹ್ಯೋಗೊ ಪ್ರಾಂತದ ತಾಕೆದಾ ಗಿರಿದುರ್ಗವು ಮಂಜಿನ ಮೇಲೆ ತೇಲುವಂತೆ ಕಾಣುವ ಚಿತ್ರಗಳಿಂದ ಪ್ರಸಿದ್ಧವಾಯಿತು. 2013-14ರ ಒಂದೇ ಸಾಲಿನಲ್ಲಿ 5 ಲಕ್ಷಕ್ಕೂ ಹೆಚ್ಚು ಜನರು ಅಲ್ಲಿಗೆ ಬಂದರು. ತುಳಿತಕ್ಕೆ ಹುಲ್ಲು ಸತ್ತು ಮಣ್ಣು ಸವೆಯಿತು. ಕೊನೆಗೆ ದಾರಿಗಳಿಗೆ ಹಾಸು ಹಾಕಿ, ನಡೆದಾಟಕ್ಕೆ ಕಟ್ಟುಪಾಡು ಮಾಡಿ, ಚಳಿಗಾಲದಲ್ಲಿ ಕೆಲಕಾಲ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಶತ್ರುಗಳಲ್ಲ, ಮೆಚ್ಚಿ ಬಂದವರೇ ಆ ಕೋಟೆಯನ್ನು ಸವೆಸಿದರು.

ಹಾಗೆಂದು ಚಂದ್ರಗುತ್ತಿಗೆ ಯಾರೂ ಹೋಗಬಾರದೆಂದಲ್ಲ. ಹೋಗುವ ರೀತಿ ತಿಳಿದಿರಬೇಕು. ಹಳೆಯ ಕಾಲುದಾರಿಯೇ ಸಾಕು, ತುದಿಯವರೆಗೆ ವಾಹನ ಬೇಡ. ಗೋಡೆಯ ಸಂದಿನಲ್ಲಿ ಬೇರೂರಿದ ಆಲ, ಬಸರಿಗಳು ಕಲ್ಲನ್ನು ಸರಿಸುತ್ತವೆ, ನಿಜ. ಕೆಲವೆಡೆ ಅದೇ ಬೇರು ಕಲ್ಲನ್ನು ಹಿಡಿದಿರುತ್ತದೆ. ಸ್ವಚ್ಛತೆಯ ಹೆಸರಿನಲ್ಲಿ ಎಲ್ಲವನ್ನೂ ಕಡಿದರೆ ಬೇರು ಕೊಳೆತು ಗೋಡೆಯೇ ಮಳೆಗಾಲದಲ್ಲಿ ಜಾರಬಹುದು. ಕಲ್ಲು ಬಲ್ಲವರೂ ಮರ ಬಲ್ಲವರೂ ಒಟ್ಟಿಗೆ ನಿಂತು ನಿರ್ಧರಿಸಬೇಕಾದ ಕೆಲಸವದು.

2002ರ ಜೀವವೈವಿಧ್ಯ ಕಾಯ್ದೆಯು ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ವಿಧಿಸಿದೆ. ಕೋಟೆಯ ಕೊಳ, ಇಳಿಜಾರಿನ ಕಾಡು, ಕೆಳಗಿನ ಕೆರೆ, ಇವು ಮೂರೂ ಒಂದೇ ನೀರಿನ ಮೂರು ನಿಲ್ದಾಣಗಳೆಂದು ಆ ಸಮಿತಿಯ ದಾಖಲೆಯಲ್ಲಿ ಬರೆಯಿಸುವುದು ಊರವರ ಕೈಯಲ್ಲೇ ಇದೆ. ಕಲ್ಲಿನ ಕೋಟೆಯನ್ನು ಕಟ್ಟಿದವರು ಅರಸರು. ಕಾನಿನ ಕೋಟೆಯನ್ನು ಉಳಿಸಿಕೊಂಡು ಬಂದವರು ಹಳ್ಳಿಗರು. ಮೊದಲನೆಯದು ಪಾಳುಬಿದ್ದರೂ ಊರು ಬಾಳಿತು. ಎರಡನೆಯದು ಪಾಳುಬಿದ್ದರೆ ಊರು ಬಾಳಲಾರದು.